ಆಚೆ ದಡದ ಹಳದಿ ಟೋಪಿಗಳು

ಕನ್ನಡಕ ಮಾರುವವನ ಕನ್ನಡಕವೇ ಕಾಲುವೆಗೆ ಬಿದ್ದದ್ದು ಒಂದು ಸೀನಿನ ದೆಸೆಯಿಂದ.

ಎತ್ತುವ ಸೇತುವೆಯ ಈಚೆ ತುದಿಯಲ್ಲಿ ಅವನು ಕುಕ್ಕರುಗಾಲಲ್ಲಿ ಕೂತು ಸೈಕಲ್ಲಿನ ಕಳಚಿದ ಚೈನನ್ನು ಹಲ್ಲಿಗೆ ಕೂರಿಸುತ್ತಿದ್ದ. ಪಕ್ಕದ ಸಾಸಿವೆ ಹೊಲದ ಮೇಲಿಂದ ಬಂದ ಗಾಳಿ ಹೂವಿನ ಪುಡಿಯನ್ನೆಲ್ಲ ತಂದು ಅವನ ಮೂಗಿಗೇ ಸುರಿಯಿತು. ಎರಡು ಕೈಗೂ ಗ್ರೀಸು, ಮೂಗು ಹಿಡಿಯುವ ಹಾಗಿಲ್ಲ. ಬಂತು ನೋಡಿ ಸೀನು! ಗೂಟದ ಮೇಲೆ ತಪಸ್ಸಿಗೆ ಕೂತಿದ್ದ ಕೊಕ್ಕರೆ ಹಾರಿಹೋಯಿತು. ಕನ್ನಡಕ ಮೂಗು ಬಿಟ್ಟು ನೆಗೆದು, ಕಲ್ಲುಕಟ್ಟೆಯ ಮೇಲೆ ಎರಡು ಸಲ ಕುಪ್ಪಳಿಸಿ, ಈಜು ಬರುವವರ ಹಾಗೆ ಧೈರ್ಯವಾಗಿ ನೀರಿಗೆ ಧುಮುಕಿತು.

ಅವನ ಅಂಗಡಿಯಲ್ಲಿ ಗೋಡೆ ತುಂಬ ಕನ್ನಡಕ. ಜೇಬಿನಲ್ಲಿ ಒಂದೂ ಇಲ್ಲ. ಕಣ್ಣಿನ ಪವರು ಮೈನಸ್ ಏಳು. ಕನ್ನಡಕ ಇಲ್ಲದಿದ್ದರೆ ಅವನಿಗೆ ಮುಖದ ಹತ್ತಿರ ಹಿಡಿದ ಅಂಗೈಯ ಗೆರೆ ಕಾಣುತ್ತದೆ, ಚಾಚಿದ ಕೈ ಮಸುಕು, ಅದರಾಚೆಯ ಲೋಕವೆಲ್ಲ ಮಳೆಗೆ ಸಿಕ್ಕಿದ ಬಣ್ಣದ ಚಿತ್ರ. ನೀರಿನ ಕಡೆ ಬಗ್ಗಿ ಅವನು ತಡಕಾಡುತ್ತಿರುವಾಗಲೇ ಹಿಂದೆ ಢಣಢಣ ಗಂಟೆ ಬಾರಿಸಿತು. ಏನು ಎಂದು ತಿರುಗುವಷ್ಟರಲ್ಲಿ ಸೇತುವೆ ಕಿರ್ರೆಂದು ಮೇಲೆದ್ದು, ಬಾಗಿಲು ಮುಖದ ಮೇಲೆ ಹಾಕಿದ ಹಾಗೆ ಎದುರಿಗೆ ಗೋಡೆಯಾಗಿ ನಿಂತಿತು.

ಮನೆಯವರೆಲ್ಲ ಆಗಲೇ ಆಚೆ ದಾಟಿದ್ದರು.

ಮನೆಯವರು ಅಂದರೆ ಐದು ಜನ. ಮುಂದೆ ಮಾವ, ನಿವೃತ್ತ ರೈಲ್ವೆ ಗಾರ್ಡು. ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಒಂದು ಸೀಟಿಗೆ ಎಲ್ಲರೂ ಹೊರಡಬೇಕು, ಎರಡಕ್ಕೆ ನಿಲ್ಲಬೇಕು, ಮೂರು ಸೀಟಿ ಬಿದ್ದರೆ ಜೀವ ಹಿಡಿದುಕೊಂಡು ತುಳಿಯಬೇಕು. ಅವರ ಹಿಂದೆ ಅತ್ತೆ, ನಾದಿನಿ, ನಾದಿನಿಯ ಗಂಡನಾದ ಚಪ್ಪಲಿ ಅಂಗಡಿ ಷಡ್ಡಕ. ಕೊನೆಗೆ ಇವನ ಹೆಂಡತಿ, ಸೈಕಲ್ಲನ್ನು ರಸ್ತೆಯ ಉದ್ದಕ್ಕಿಂತ ಅಗಲಕ್ಕೇ ಹೆಚ್ಚು ಓಡಿಸುವವಳು. ಒಂದು ದಿನದ ಸೈಕಲ್ ಪ್ರವಾಸ ಮಾವನದೇ ಏರ್ಪಾಟು. ಕಾಲುವೆ ಏರಿಯ ಮೇಲೆ ಹೊರಟು, ಎರಡು ಹಳೇ ಊರು ನೋಡಿ, ಮೂರನೆಯ ಊರಿನಲ್ಲಿ ಸೈಕಲ್ಲು ಒಪ್ಪಿಸಿ ಸಂಜೆ ರೈಲಿಗೆ ವಾಪಸು. ದಾರಿ ಅಂಗೈಯಷ್ಟು ಮಟ್ಟಸ. ಬಾಡಿಗೆ ಸೈಕಲ್ಲಿನವಳು ಎಲ್ಲರ ತಲೆಗೂ ಒಂದೊಂದು ಹಳದಿ ಟೋಪಿ ಇಟ್ಟು ಕಳಿಸಿದ್ದಳು.

ಪ್ರವಾಸ ಅನ್ನುವುದು ಹೆಸರಿಗೆ. ಒಳಗಿನ ವಿಷಯ ಬೇರೆ ಇತ್ತು. ಮಾವನ ಮನೆಯಲ್ಲಿ ರಸ್ತೆಗೆ ಮುಖ ಮಾಡಿದ ಒಂದು ಕೋಣೆ ಖಾಲಿಯಾಗಿತ್ತು. ಅಲ್ಲಿ ಅಂಗಡಿ ಇಡಬೇಕು ಅಂತ ಅದರ ಮೇಲೆ ಕನ್ನಡಕದವನಿಗೂ ಕಣ್ಣು, ಷಡ್ಡಕನಿಗೂ ಕಣ್ಣು. "ಹೊರಗೆ ಕರ್ಕೊಂಡು ಹೋದಾಗ ಯಾರು ಹೇಗೆ ಅಂತ ಗೊತ್ತಾಗುತ್ತೆ. ಆಮೇಲೆ ಹೇಳ್ತೀನಿ" ಅಂದಿದ್ದರು ಮಾವ. ಆದ್ದರಿಂದ ಕನ್ನಡಕದವನು ಬೆಳಿಗ್ಗೆಯೇ ಮುಂದೆ ಬಿದ್ದು ಎಲ್ಲರ ಭಾರವನ್ನೂ ತನ್ನ ಚೀಲಕ್ಕೆ ಹಾಕಿಕೊಂಡಿದ್ದ. ಎಲ್ಲರ ಊಟ, ಎಲ್ಲರ ರೈಲು ಟಿಕೇಟು, ಜೊತೆಗೆ ಎಲ್ಲರ ಫೋನು. "ಊರು ನೋಡೋಕೆ ಬಂದಿರೋದು, ಫೋನ್ ನೋಡೋಕಲ್ಲ. ರೈಲಿನ ಹೊತ್ತಿನ ತನಕ ಯಾರೂ ಮುಟ್ಟಕೂಡದು" ಅಂತ ಮಾವನೇ ಕಿತ್ತು ಕಿತ್ತು ಚೀಲಕ್ಕೆ ತುಂಬಿದ್ದರು.

ಕನ್ನಡಕದವನು ಸೇತುವೆ ಕಾಯುವವನ ಗೂಡಿನ ಕಡೆ ತಿರುಗಿ, ಮನುಷ್ಯನಂತೆ ಕಂಡ ಕಂದು ಬಣ್ಣಕ್ಕೆ ಕೇಳಿದ.

"ಅಣ್ಣಾ, ಇದು ಯಾವಾಗ ಇಳಿಯುತ್ತೆ?"

"ದೋಣಿ ಹೋದ ಮೇಲೆ."

"ದೋಣಿ ಎಷ್ಟಿವೆ?"

"ಬಂದಷ್ಟು."

"ಆಚೆ ಕಡೆ ನಮ್ಮ ಮನೆಯವರಿದ್ದಾರೆ ಅಣ್ಣಾ."

"ಆಚೆ ಕಡೆ ಎಲ್ಲರ ಮನೆಯವರೂ ಇರ್ತಾರೆ" ಎಂದು ಅವನು ಗೂಡಿನ ಬಾಗಿಲು ಎಳೆದುಕೊಂಡ.

ಹುಲ್ಲಿನ ಹೊರೆ ಹೊತ್ತ ಸರಕು ದೋಣಿಯೊಂದು ಬಸುರಿಯ ನಡಿಗೆಯಲ್ಲಿ ಬರುತ್ತಿತ್ತು. ಅದರ ಹಿಂದೆ ಇನ್ನೊಂದು ಕಪ್ಪು ಗುಡ್ಡೆ. ಕನ್ನಡಕದವನಿಗೆ ಥಟ್ಟನೆ ಫೋನಿನ ನೆನಪಾಯಿತು. ಹೆಂಡತಿಗೆ ಒಂದು ಮಾತು ಹೇಳಿದರಾಯಿತು! ತನ್ನ ಫೋನು ತೆಗೆದು ಮೂಗಿಗೆ ತಾಗಿಸಿಕೊಂಡು ಅವಳ ನಂಬರು ಒತ್ತಿದ. ಬೆನ್ನ ಮೇಲೆ ಚೀಲದೊಳಗೆ ಕೋಗಿಲೆ ಕೂಗಿತು. ಹೆಂಡತಿಯ ಫೋನು. ಅತ್ತೆಯದಕ್ಕೆ ಮಾಡಿದ. ಬೆನ್ನ ಮೇಲೇ ಗಂಟೆ ಹೊಡೆಯಿತು. ಕುಟುಂಬವನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಇವನು ಯಾರ ಜೊತೆ ಮಾತಾಡಬೇಕು?

ಅಷ್ಟರಲ್ಲಿ ಆಚೆ ದಡದ ಏರಿಯ ಮೇಲೆ, ಸ್ವಲ್ಪ ದೂರದಲ್ಲಿ, ಹಳದಿ ಚುಕ್ಕೆಗಳು ಸಾಲಾಗಿ ಸರಿಯುವುದು ಕಾಣಿಸಿತು. ಎಣಿಸಿದ. ಐದು. ಕೊನೆಯದು ಎಡಕ್ಕೂ ಬಲಕ್ಕೂ ವಾಲಾಡುತ್ತಿತ್ತು. ಇನ್ನು ಅನುಮಾನವೇ ಇರಲಿಲ್ಲ.

'ಬಿಟ್ಟೇ ಹೋದರಲ್ಲ!' ಹೊತ್ತಿಗೆ ಸರಿಯಾಗಿ ಬಾರದವನಿಗಾಗಿ ಗಾಡಿ ನಿಲ್ಲಿಸೋದಿಲ್ಲ ಅಂತ ಮಾವ ಮದುವೆಯ ದಿನವೂ ಹೇಳಿದ್ದವರು. ಪಕ್ಕದಲ್ಲಿ ಷಡ್ಡಕ ಬೇರೆ ಇದ್ದಾನೆ, ಗಾಯಕ್ಕೆ ಉಪ್ಪು ಸವರುವುದಕ್ಕೆ. 'ಭಾವ ಹೀಗೇ ಮಾವಾ, ಒಂದು ಚೈನು ಹಾಕೋದಕ್ಕೂ ಅರ್ಧ ದಿನ' ಅಂತ ಅವನು ಹೇಳುತ್ತಿರುವುದು ಈ ದಡಕ್ಕೇ ಕೇಳಿಸಿದ ಹಾಗಾಯಿತು. ಊಟ, ಟಿಕೇಟು, ಫೋನು ಎಲ್ಲ ಇಲ್ಲಿ. ಉಣ್ಣುವವರು, ಹೋಗುವವರು, ಮಾತಾಡುವವರು ಅಲ್ಲಿ. ಕನ್ನಡಕದವನು ಸೈಕಲ್ ಏರಿ ಈಚೆ ದಡದಲ್ಲೇ ತುಳಿಯತೊಡಗಿದ. ಮುಂದಿನ ಸೇತುವೆಯಲ್ಲಿ ದಾಟಿದರಾಯಿತು.

ಕಣ್ಣಿಲ್ಲದೆ ಕಾಲುವೆ ಪಕ್ಕ ಸೈಕಲ್ ಹೊಡೆಯುವುದಕ್ಕೆ ಅವನು ಒಂದು ಸೂತ್ರ ಮಾಡಿಕೊಂಡ. ಹೊಳೆಯುವುದು ನೀರು, ಹೊಳೆಯದಿರುವುದು ದಾರಿ. ಸೂತ್ರ ಸ್ವಲ್ಪ ದೂರ ಚೆನ್ನಾಗಿಯೇ ನಡೆಯಿತು. ಆಮೇಲೆ ಯಾರೋ ಪುಣ್ಯಾತ್ಮರು ರಸ್ತೆಗೆ ಹೊಸ ಡಾಂಬರು ಹಾಕಿದ್ದರು. ಬಿಸಿಲಿಗೆ ಅದು ಕಾಲುವೆಗಿಂತ ಚೆನ್ನಾಗಿ ಹೊಳೆಯುತ್ತಿತ್ತು. "ಅಯ್ಯೋ ನೀರು!" ಎಂದು ಅವನು ಹ್ಯಾಂಡಲ್ಲನ್ನು ಎಳೆದು, ಹೊಳೆಯದಿದ್ದ ಕಡೆ ತಿರುಗಿಸಿ, ಏರಿಯಿಂದ ಇಳಿಜಾರಿಗೆ ದಡದಡ ಇಳಿದು, ಆಗತಾನೇ ನೀರು ಬಿಟ್ಟ ಎಲೆಕೋಸಿನ ಹೊಲದಲ್ಲಿ ಸೊಂಟದವರೆಗೆ ಕೆಸರಲ್ಲಿ ಕೂತ.

ಹೊಲದೊಡತಿ ಗುದ್ದಲಿ ಹಿಡಿದು ಬಂದಳು.

"ರಸ್ತೆ ಅಷ್ಟು ಅಗಲ ಇದೆಯಲ್ಲಪ್ಪಾ, ಕೋಸಿನ ಮೇಲೇ ಬರಬೇಕಾ?"

"ನೀರು ಅನ್ಕೊಂಡೆ ತಾಯಿ."

"ರಸ್ತೇನ ನೀರು ಅನ್ಕೊಂಡು ನೀರಲ್ಲಿ ಬಂದು ಬಿದ್ದೆಯಾ?" ಅವಳು ಗುದ್ದಲಿಯ ಕಾವು ಚಾಚಿ ಎಳೆದು ನಿಲ್ಲಿಸಿದಳು. "ಕುಡಿದಿದೀಯಾ?"

"ಕನ್ನಡಕ ಬಿದ್ದುಹೋಯ್ತು. ನಮ್ಮವರೆಲ್ಲ ಆಚೆ ದಡದಲ್ಲಿ ಹೋಗ್ತಿದಾರೆ. ಮುಂದಿನ ಸೇತುವೆ ಎಲ್ಲಿ?"

"ಗಂಟೆಗೋಪುರದ ಊರಲ್ಲಿದೆ. ಆದ್ರೆ ರಿಪೇರಿಗೆ ಅಂತ ಹಲಗೆಯೆಲ್ಲ ಕಿತ್ತಾಕಿದಾರೆ. ಹಗ್ಗ ಹಿಡಿದು ಎಳೆಯೋ ತೆಪ್ಪ ಇದೆ, ಅದರಲ್ಲಿ ದಾಟು." ಅವಳು ಆಚೆ ದಡ ನೋಡಿದಳು. "ಅವರೇನಾ, ಹಳದಿ ಟೋಪಿಯೋರು? ಅಗೋ, ನಿಂತು ನೀರು ಕುಡೀತಿದಾರೆ."

ಕನ್ನಡಕದವನು ಮೈಯೆಲ್ಲ ಕೆಸರು ಸುರಿಸುತ್ತ ಏರಿಯ ಮೇಲೆ ಹತ್ತಿ ಓಡಿದ. ಹಳದಿ ಚುಕ್ಕೆಗಳು ಎದುರುಗಡೆಯೇ ನಿಂತಿದ್ದವು. ನಡುವೆ ನೀರು ಮಾತ್ರ.

"ಮಾವಾ! ನಾನಿಲ್ಲಿದೀನಿ!" ಗಂಟಲು ಹರಿಯುವ ಹಾಗೆ ಕೂಗಿದ. ಎದುರುಗಾಳಿ ಅರ್ಧ ಮಾತನ್ನು ಅವನ ಬಾಯಿಗೇ ವಾಪಸು ತುರುಕಿತು. ಚೀಲ ಎತ್ತಿ ಅಲ್ಲಾಡಿಸಿದ. "ಹೆದರಬೇಡಿ! ಎಲ್ಲರಿಗೂ ಇದರಲ್ಲಿದೆ! ಒಬ್ಬರನ್ನೂ ಬಿಡಲ್ಲ!"

ಚುಕ್ಕೆಗಳು ಮಿಸುಕಲಿಲ್ಲ. ಊಟ ಅಂತ ಗೊತ್ತಾಗಲಿ ಎಂದು ಚೀಲಕ್ಕೆ ಕೈ ಹಾಕಿ ತೋಳುದ್ದದ ಬ್ರೆಡ್ಡನ್ನು ಎಳೆದು ತಲೆಯ ಮೇಲೆ ಗರಗರ ಬೀಸಿದ. "ನೋಡಿ! ಇದೇ! ಬರ್ತಾ ಇದೀನಿ, ಅಲ್ಲೇ ಇರಿ!"

ಆಚೆಯಿಂದ ಸೀಟಿ ಕೇಳಿಸಿತು. ಒಂದು, ಎರಡು, ಮೂರು. ಮತ್ತೂ ಮತ್ತೂ. ಐದು ಟೋಪಿಗಳೂ ಸೈಕಲ್ಲಿಗೆ ಹಾರಿ, ಬಾಣ ಬಿಟ್ಟ ಹಾಗೆ ಹೊರಟುಹೋದವು.

ಕನ್ನಡಕದವನು ಬ್ರೆಡ್ಡನ್ನು ಕೆಳಗಿಳಿಸಿದ. ಮೂರು ಸೀಟಿ! ತಾನು ಕಣ್ಣೆದುರು ನಿಂತು ಕೂಗುತ್ತಿದ್ದರೂ ಮೂರು ಸೀಟಿ! ಇದು ಬರೀ ಸಿಟ್ಟಲ್ಲ. ಇದು ಕೋಣೆ ಷಡ್ಡಕನಿಗೆ ಹೋದ ಲಕ್ಷಣ.

ಗಂಟೆಗೋಪುರದ ಊರು ಬಹಳ ಹಳೆಯದು. ಬೀದಿಗೆ ದುಂಡುಕಲ್ಲು ಹಾಸಿದ್ದರು. ಸೈಕಲ್ಲು ಅದರ ಮೇಲೆ ಬಂದಾಗ ಕನ್ನಡಕದವನ ಹಲ್ಲುಗಳೆಲ್ಲ ಒಂದನ್ನೊಂದು ಮಾತಾಡಿಸಿದವು. ಎರಡು ಕಡೆಯೂ ಬಾಗಿದ ಹೆಂಚಿನ ಮನೆಗಳು, ಕಿಟಕಿಗಳಲ್ಲಿ ಬಣ್ಣದ ಗುಡ್ಡೆಗಳು, ಅಂದರೆ ಹೂವು. ಪ್ರವಾಸಿಗಳು ದೂರದಿಂದ ಬಂದು ನೋಡುವ ಊರದು. ಇವನಿಗೆ ಕಂಡದ್ದು ಚೌಕದ ನಡುವೆ ಕೈ ಚಾಚಿಕೊಂಡು ನಿಂತ ಒಬ್ಬ ದಪ್ಪ ಮನುಷ್ಯ ಮಾತ್ರ.

"ಸ್ವಾಮೀ, ತೆಪ್ಪದ ಕಟ್ಟೆಗೆ ಯಾವ ಕಡೆ ಹೋಗ್ಬೇಕು?"

ಮನುಷ್ಯ ಮಾತಾಡಲಿಲ್ಲ. ಕೈ ಮಾತ್ರ ಎಡಕ್ಕೇ ಇತ್ತು.

"ಎಡಕ್ಕಾ? ಎಷ್ಟು ದೂರ ಇರಬಹುದು?"

ಅದಕ್ಕೂ ಉತ್ತರವಿಲ್ಲ. ಮೈ ಕೆಸರಾಗಿದೆ, ಅದಕ್ಕೆ ಅಸಹ್ಯಪಡುತ್ತಿದ್ದಾನೆ ಅಂದುಕೊಂಡು ಕನ್ನಡಕದವನು ಇನ್ನೂ ಹತ್ತಿರ ಹೋಗಿ ದೈನ್ಯದಿಂದ ಕೈ ಮುಗಿದ. "ಆಪತ್ತಲ್ಲಿದೀನಿ ಸ್ವಾಮೀ, ಒಂದು ಮಾತು ಹೇಳಿ."

ಜಗಲಿಯ ಮೇಲೆ ಬಟಾಣಿ ಬಿಡಿಸುತ್ತಿದ್ದ ಮುದುಕಿಗೆ ನಗು ತಡೆಯಲಾಗಲಿಲ್ಲ. "ಅವನು ಮಾತು ಬಿಟ್ಟು ಮುನ್ನೂರು ವರ್ಷ ಆಯ್ತಪ್ಪಾ. ಕಲ್ಲಿನ ಸೇನಾಪತಿ ಅವನು. ತೆಪ್ಪದ ಕಟ್ಟೆ ಬಲಗಡೆ."

ಸೇನಾಪತಿ ತೋರಿಸಿದ ಕಡೆ ಹೋಗದೆ ಬಲಕ್ಕೆ ಹೋದ. ತೆಪ್ಪದವನು ತೆಪ್ಪದ ಮೇಲೇ ಹಗ್ಗಕ್ಕೆ ಒರಗಿ ಕೂತಿದ್ದ. ಇವನನ್ನು ಕಂಡದ್ದೇ ತೆಪ್ಪವನ್ನು ಕಾಲಿನಿಂದ ಒಂದು ಮಾರು ಆಚೆ ನೂಕಿದ.

"ಕೆಸರು ಮೈ, ಹೆಗಲಿಗೆ ಚೀಲ, ಹಳದಿ ಟೋಪಿ... ನೀನೇನಾ ಅದು?"

"ನಾನೇ ಅಣ್ಣಾ, ನಾನೇ! ನನ್ನ ವಿಷಯ ಹೇಳಿದಾರಾ?"

"ಆಚೆ ದಡದಿಂದ ಕೂಗಿ ಹೇಳಿ ಹೋದ್ರು. ಹೀಗೊಬ್ಬ ಬರ್ತಾನೆ, ಕಾಲು ಹಿಡಿದ್ರೂ ದಾಟಿಸಬೇಡ ಅಂತ."

"ಯಾರು ಹೇಳಿದ್ದು? ಹಿರಿಯರಾ?"

"ವಯಸ್ಸಾದೋರು. ಮುಖ ಕೆಂಪಗಾಗಿತ್ತು."

"ಹಿಂದೆ ಒಬ್ಬ ಹೆಂಗಸಿದ್ದಳಲ್ಲ, ಅವಳೇನಾದ್ರೂ ಅಂದಳಾ?"

"ಏನೂ ಅನ್ಲಿಲ್ಲ. ಅಳ್ತಿದ್ದಳು."

ಕನ್ನಡಕದವನ ಕಣ್ಣಲ್ಲಿ ನೀರು ತುಂಬಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ತನಗಾಗಿ ಅತ್ತದ್ದು ಇದೇ ಮೊದಲು. ಅಪ್ಪನ ಎದುರು ಮಾತಾಡಲಾರದೆ, ಪಾಪ, ಸೈಕಲ್ಲಿನ ಮೇಲೇ ಅಳುತ್ತಿದ್ದಾಳೆ!

"ನಾನು ಅವರ ಅಳಿಯ ಅಣ್ಣಾ. ಅವರ ಊಟ ನನ್ನ ಹತ್ರ ಇದೆ."

"ಇರಬಹುದು. ಅಳಿಯನ ಮೇಲೆ ಸಿಟ್ಟು ಎಲ್ಲಾ ಮನೇಲೂ ಇರುತ್ತೆ, ನಮ್ಮನೇಲೂ ಇದೆ. ನಿಮ್ಮ ನಿಮ್ಮ ಜಗಳದಲ್ಲಿ ನನ್ನ ತೆಪ್ಪ ಯಾಕೆ?" ಎಂದು ತೆಪ್ಪದವನು ಇನ್ನೊಂದು ಮಾರು ಆಚೆ ಸರಿದ.

ಗೋಪುರದ ಗಂಟೆ ಹೊಡೆಯಿತು. ಹೊತ್ತು ಇಳಿಯುತ್ತಿತ್ತು. ರೈಲು ಬರುವುದರೊಳಗೆ ಮೂರನೆಯ ಊರು ಸೇರದಿದ್ದರೆ ಐದು ಜನರ ಟಿಕೇಟು ಇವನ ಚೀಲದಲ್ಲೇ ಉಳಿಯುತ್ತದೆ. ಹಸಿದ ಮಾವ, ಬರಿಗೈಯ ಮಾವ, ರೈಲು ತಪ್ಪಿದ ಮಾವ. ರೈಲ್ವೆ ಗಾರ್ಡಿಗೆ ರೈಲು ತಪ್ಪಿಸಿದ ಅಳಿಯ ಅಂತ ಹೆಸರು ಹೊತ್ತು ಇವನು ಯಾವ ಮುಖ ಇಟ್ಟುಕೊಂಡು ಬದುಕಬೇಕು? ಪೆಡಲಿನ ಮೇಲೆ ನಿಂತು ತುಳಿದ. ಹೊಟ್ಟೆ ಹಸಿವಿನಿಂದ ಸಂಕಟಪಡುತ್ತಿತ್ತು, ಆದರೆ ಊಟ ಎಲ್ಲರದು, ಮುಟ್ಟುವ ಹಾಗಿಲ್ಲ. ಎಮ್ಮೆಗಳನ್ನು ಪೊದೆ ಎಂದುಕೊಂಡು ಅವುಗಳ ಮಧ್ಯೆಯೇ ನುಗ್ಗಿದ. ಪೊದೆಯನ್ನು ಎಮ್ಮೆ ಎಂದುಕೊಂಡು ಗಂಟೆ ಬಾರಿಸಿ, ದಾರಿ ಬಿಡಲಿ ಎಂದು ಬಹಳ ಹೊತ್ತು ಕಾದ. ಆಚೆ ದಡದಲ್ಲಿ ಆಗೊಮ್ಮೆ ಈಗೊಮ್ಮೆ ಹಳದಿ ಮಿಂಚುತ್ತಿತ್ತು. ಇವನು ಕೂಗಿದಾಗೆಲ್ಲ ಸೀಟಿ ಬೀಳುತ್ತಿತ್ತು, ಸೀಟಿ ಬಿದ್ದಾಗೆಲ್ಲ ಹಳದಿ ಮಾಯವಾಗುತ್ತಿತ್ತು.

ಮೂರನೆಯ ಊರಿನ ಹೊರಗೆ ಕಾಲುವೆಗೆ ಅಡ್ಡವಾಗಿ ಒಂದು ತೂಬು. ನೀರು ತಡೆಯುವ ಕಬ್ಬಿಣದ ಬಾಗಿಲುಗಳ ಮೇಲೆ, ತೂಬು ನೋಡಿಕೊಳ್ಳುವವನು ಓಡಾಡುವುದಕ್ಕೆ ಒಂದೇ ಒಂದು ಹಲಗೆ. ಆಚೆ ತುದಿಯ ಹಿಂದೆ ರೈಲಿನ ಕೂಗು ಕೇಳಿಸಿತು, ಇನ್ನೂ ದೂರದಲ್ಲಿ. ಕನ್ನಡಕದವನು ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡ. ಬಾಡಿಗೆಯದು, ಬಿಟ್ಟು ಹೋಗುವ ಹಾಗಿರಲಿಲ್ಲ.

ಹಲಗೆ ಕಾಣುತ್ತಿರಲಿಲ್ಲ. ಕಿವಿಯೇ ಕಣ್ಣು. ಎಡಗಡೆ ನೀರು ಸದ್ದಿಲ್ಲದೆ ನಿಂತಿತ್ತು, ಬಲಗಡೆ ಭೋರೆಂದು ಬೀಳುತ್ತಿತ್ತು. ಎರಡರ ಮಧ್ಯೆ ಪಾದ ಎಳೆದೆಳೆದು ಇಟ್ಟ. ನಡುವೆ ಬಂದಾಗ ಎದುರಿಗೆ ಒಂದು ಕಪ್ಪು ಕಂಬ ಕಾಣಿಸಿತು. ದೇವರು ದೊಡ್ಡವನು, ಹಿಡಿದುಕೊಳ್ಳುವುದಕ್ಕೆ ಏನೋ ಒಂದು ಸಿಕ್ಕಿತು ಎಂದು ಕೈ ಚಾಚಿದ. ಕಂಬ ಬೊಗಳಿತು.

ನಾಯಿಗೆ ಹಿಂದೆ ಹೋಗುವ ಮನಸ್ಸಿರಲಿಲ್ಲ, ಇವನಿಗೆ ಹಿಂದೆ ಹೋಗುವ ದಾರಿ ಇರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. ಕೊನೆಗೆ ನಾಯಿಯೇ ತೀರ್ಮಾನ ಮಾಡಿ, ತಲೆ ತಗ್ಗಿಸಿ ಅವನ ಎರಡು ಕಾಲಿನ ಸಂದಿಯಲ್ಲಿ ತೂರಿತು. ಅವನು ಓಲಾಡಿದ. ಸೈಕಲ್ಲಿನ ಗಂಟೆ ತಾನಾಗಿ ಬಾರಿಸಿತು. ಬಲಗಾಲಿನ ಬೂಟು ಹಲಗೆ ಬಿಟ್ಟು ಜಾರಿ, ಭೋರ್ಗರೆವ ನೀರಿಗೆ ಬಿದ್ದು, ಬೆಳಗಿನ ಕನ್ನಡಕಕ್ಕಿಂತ ದೊಡ್ಡ ಸದ್ದು ಮಾಡಿತು. ಆಚೆಯಿಂದ ಯಾರೋ "ಯಾವನೋ ಅವನು, ಇಳಿಯೋ ಕೆಳಗೆ!" ಎಂದು ಅರಚಿದರು. ಇಳಿಯುವುದೆಂದರೆ ಎಲ್ಲಿಗೆ? ಜೀವ ಬಾಯಿಗೆ ಬಂದಿತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಉಳಿದ ಹಲಗೆಯನ್ನು ಹೇಗೆ ದಾಟಿದನೋ ಅವನಿಗೂ ತಿಳಿಯದು. ಕಾಲಿಗೆ ಮಣ್ಣು ತಾಗಿದಾಗ ಒಂದೇ ಉಸಿರಿಗೆ ಸ್ಟೇಷನ್ನಿನ ಕಡೆ ಓಡಿದ.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಐದು ಹಳದಿ ಟೋಪಿಗಳು, ಬೆನ್ನು ಈ ಕಡೆಗೆ.

ಸೈಕಲ್ಲನ್ನು ಎಸೆದು ಓಡಿ ಹೋಗಿ, ತುದಿಯಲ್ಲಿದ್ದ ಹಿರಿಯರ ಕಾಲಿಗೆ ಧೊಪ್ಪನೆ ಬಿದ್ದ. "ತಪ್ಪಾಯ್ತು ಮಾವಾ! ಕೋಣೆ ಯಾರಿಗೆ ಬೇಕಾದ್ರೂ ಕೊಡಿ, ಸಿಟ್ಟು ಮಾತ್ರ ಬಿಟ್ಟುಬಿಡಿ!" ಮಗ್ಗುಲಲ್ಲೇ ಇದ್ದ ಹೆಂಡತಿಯ ಕೈಯನ್ನು ಎರಡು ಕೈಯಲ್ಲೂ ಹಿಡಿದು ಎಳೆದ. "ಅಳಬೇಡ್ವೇ! ಬಂದೆನಲ್ಲ!"

ಎಳೆದ ರಭಸಕ್ಕೆ ಅವಳ ಮುಖ ಒಂದು ಗೇಣಿನಷ್ಟು ಹತ್ತಿರ ಬಂತು. ಆ ದೂರದಲ್ಲಿ ಅವನಿಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಉದ್ದನೆಯ ಮೂಗು, ಮೂಗಿನ ತುದಿಗೆ ಮಚ್ಚೆ. ಇಷ್ಟು ವರ್ಷದಲ್ಲಿ ಆ ಮೂಗನ್ನು ಅವನು ಎಂದೂ ನೋಡಿರಲಿಲ್ಲ.

ಅವಳು ಕಿರುಚಿದ್ದು ರೈಲಿನ ಕೂಗಿಗಿಂತ ಜೋರಾಗಿತ್ತು.

"ಇವನೇ! ಇವನೇ!" ಎಂದು ಹಿರಿಯರು ಕಾಲು ಬಿಡಿಸಿಕೊಂಡು ಬೆಂಚಿನ ಮೇಲೆ ಹತ್ತಿ ನಿಂತು ಸೀಟಿ ಊದಿದರು. ಮಾವನ ಸೀಟಿಯಲ್ಲ ಅದು. ಕಳ್ಳಕಾಕರು ಅಡ್ಡ ಬಂದರೆ ಊದುವುದಕ್ಕೆ ಅಂತ ಕೀಲಿಗೊಂಚಲಿಗೆ ಕಟ್ಟಿಕೊಂಡಿದ್ದ ಸೀಟಿ. "ಬೆಳಿಗ್ಗೆಯಿಂದ ಬೆನ್ನು ಹತ್ತಿದಾನೆ! ದೊಣ್ಣೆ ಬೀಸಿದಾನೆ! ಎಲ್ಲರಿಗೂ ಇದರಲ್ಲಿದೆ, ಒಬ್ಬರನ್ನೂ ಬಿಡಲ್ಲ ಅಂದಿದಾನೆ!"

ಸ್ಟೇಷನ್ ಮಾಸ್ತರು ಬಂದರು, ಹಮಾಲಿಗಳು ಬಂದರು. ಇಬ್ಬರು ಕನ್ನಡಕದವನ ರೆಟ್ಟೆ ಹಿಡಿದರು. ಮಾಸ್ತರು ಚೀಲ ಬೋರಲು ಹಾಕಿದರು. ಬಾಗಿದ ಬ್ರೆಡ್ಡು ಬಿತ್ತು, ಬೇಯಿಸಿದ ಮೊಟ್ಟೆಗಳು ಉರುಳಿದವು. ಆಮೇಲೆ ಒಂದಾದ ಮೇಲೊಂದು ಆರು ಫೋನುಗಳು ಬಿದ್ದವು.

"ಓಹೋ" ಅಂದರು ಮಾಸ್ತರು. "ಇದಾ ವೃತ್ತಿ?"

"ನಮ್ಮ ಮನೆಯವರದು ಸ್ವಾಮೀ! ಇವರೂ ನಮ್ಮ ಮನೆಯವರೇ ಅನ್ಕೊಂಡೆ! ಹಳದಿ ಟೋಪಿ ನೋಡಿ..."

"ಟೋಪಿ ಆ ಸೈಕಲ್ ಅಂಗಡಿಯವಳು ಬಂದೋರಿಗೆಲ್ಲ ಕೊಡ್ತಾಳೆ" ಅಂದಳು ಮಚ್ಚೆಯ ಹೆಂಗಸು ಬಿಕ್ಕುತ್ತ. "ನೀನು ಬಂದೆಯಾ ಅಂತ ತಿರುಗಿ ತಿರುಗಿ ನೋಡಿ ನನ್ನ ಸೈಕಲ್ಲು ನೆಟ್ಟಗೆ ಹೋಗಲೇ ಇಲ್ಲ."

ಆಗ ಕೆಳಗೆ ಬಿದ್ದಿದ್ದ ಒಂದು ಫೋನು ಹೊಡೆದುಕೊಂಡಿತು. ಮಾವನದು. ಮಾಸ್ತರು ಎತ್ತಿಕೊಂಡು ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರಿಗೆ ಹಾಕಿದರು.

"ಯಾರ್ರೀ ಮಾತಾಡೋದು?"

"ನನ್ನ ಫೋನಲ್ಲಿ ಮಾತಾಡ್ತಿರೋ ನೀವು ಯಾರ್ರೀ?" ಅಂತು ಆ ಕಡೆಯ ಗಡಸು ದನಿ.

"ಸ್ಟೇಷನ್ ಮಾಸ್ಟರ್."

"ಹೌದಾ? ನಾನು ಗಾರ್ಡು, ರಿಟೈರ್ಡು."

ಮಾಸ್ತರು ಸ್ವಲ್ಪ ನೆಟ್ಟಗೆ ನಿಂತರು. "ನಮಸ್ಕಾರ. ನಿಮ್ಮ ಅಳಿಯ ಅಂತ ಹೇಳ್ಕೊಂಡು ಒಬ್ಬ ಇಲ್ಲಿ ಸಿಕ್ಕಿಬಿದ್ದಿದಾನೆ. ಒಂದು ಕಾಲಲ್ಲಿ ಬೂಟಿಲ್ಲ, ಮೈಯೆಲ್ಲ ಕೆಸರು. ಮುಖ ಒಂಥರಾ ಪೆಚ್ಚು."

"ಪೆಚ್ಚಾ? ಹಾಗಾದ್ರೆ ನಮ್ಮವರೇ. ಕೊಡಿ ಫೋನು."

ಕನ್ನಡಕದವನು ರೆಟ್ಟೆ ಬಿಡಿಸಿಕೊಳ್ಳದೆಯೇ ಬಗ್ಗಿದ. "ಮಾವಾ, ಎಲ್ಲಿದೀರಿ?"

"ಸೇತುವೆ ಹತ್ರ."

"ಯಾವ ಸೇತುವೆ?"

"ನೀವು ನಮ್ಮನ್ನ ಬಿಟ್ಟು ಓಡಿಹೋದ ಸೇತುವೆ. ಎರಡು ದೋಣಿ ಹೋದ ಕೂಡಲೇ ಅದು ಇಳೀತು. ಈಚೆ ಬಂದು ನೋಡಿದ್ರೆ ಅಳಿಯಂದ್ರೇ ಇಲ್ಲ. ಗಾಡಿ ತಪ್ಪಿದವನು ನಿಂತ ಜಾಗ ಬಿಟ್ಟು ಕದಲಬಾರದು ಕಣ್ರೀ, ಬಿಟ್ಟು ಹೋದವರೇ ಹುಡುಕ್ಕೊಂಡು ಬರಬೇಕು. ಬರ್ತೀರಿ ಅಂತ ಐದು ಜನಾನೂ ಬೆಳಿಗ್ಗೆಯಿಂದ ಉಪವಾಸ ಕೂತಿದೀವಿ. ರೈಲಿನ ಹೊತ್ತಿನ ತನಕ ಫೋನ್ ಮುಟ್ಟಬಾರದು ಅಂತ ನಾನೇ ಹೇಳಿದ್ದೆ. ಈಗ ಹೊತ್ತಾಯ್ತು, ಸೇತುವೆಯವನ ಫೋನಿಂದ ಮಾಡ್ತಿದೀನಿ. ನೀವು ಅಲ್ಲಿ ಏನು ಮಾಡ್ತಿದೀರಿ?"

ಕನ್ನಡಕದವನು ಹೇಳಿದ. ಅವನು ಹೇಳುತ್ತಿದ್ದ ಹಾಗೆ ಹಮಾಲಿಗಳು ಅವನ ರೆಟ್ಟೆ ಬಿಟ್ಟು ತಮ್ಮ ಹೊಟ್ಟೆ ಹಿಡಿದುಕೊಂಡರು. ಬೆಂಚಿನ ಮೇಲಿನ ಹಿರಿಯರು ಕೆಳಗಿಳಿದು ಒಂದು ಮೊಟ್ಟೆ ಎತ್ತಿ, ಒರೆಸಿ, ಅವನ ಕೈಗಿಟ್ಟರು. ಆ ಕಡೆಯಿಂದ ಮಾವ ಅಂದರು, "ಕೋಣೆ ನಿಮಗೇ ಕೊಡ್ತೀನಿ."

ಕನ್ನಡಕದವನಿಗೆ ಕಿವಿ ನಂಬಲಾಗಲಿಲ್ಲ. "ಮಾವಾ!"

"ನಿಮ್ಮನ್ನ ಕಣ್ಣಿಗೆ ಕಾಣೋ ಕಡೆ ಇಟ್ಕೊಳ್ಳದೆ ಬೇರೆ ದಾರಿ ಇಲ್ಲ. ನಾನೂ ದಿನಾ ಅಂಗಡೀಲೇ ಬಂದು ಕೂರ್ತೀನಿ. ನಿಮ್ಮ ಗಿರಾಕಿಗಳೂ ಸೀಟಿಗೆ ಸರಿಯಾಗಿ ಒಳಗೆ ಬಂದು ಸೀಟಿಗೆ ಸರಿಯಾಗಿ ಹೊರಗೆ ಹೋಗೋದು ಕಲೀಲಿ. ಇರಿ, ಇವಳೇನೋ ಕೇಳಬೇಕಂತೆ."

ಹೆಂಡತಿಯ ದನಿ ತಣ್ಣಗಿತ್ತು. "ರೀ, ಆ ಹೆಂಗಸು ನೋಡೋಕೆ ನನ್ನ ಥರಾನೇ ಇದಾಳಾ?"

ಮಚ್ಚೆಯ ಹೆಂಗಸು ಬಿಕ್ಕುವುದನ್ನು ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು, ಅವನ ಉತ್ತರಕ್ಕೆ ಕಾದಳು. ಹೌದು ಅಂದರೆ ಅಲ್ಲಿ ಕೆಟ್ಟಿತು, ಇಲ್ಲ ಅಂದರೆ ಇಲ್ಲಿ ಕೆಟ್ಟಿತು. ಕನ್ನಡಕದವನು ಮೊಟ್ಟೆಯನ್ನು ನೋಡಿದ. "ಕನ್ನಡಕ ಇಲ್ವಲ್ಲೇ. ಏನೂ ಕಾಣಿಸ್ತಿಲ್ಲ."

"ಕಾಲುವೆ ಆಚೆಯಿಂದ ಕಂಡವಳು ಈಗ ಪಕ್ಕದಲ್ಲಿ ನಿಂತ್ರೆ ಕಾಣಲ್ವಾ?" ಎಂದು ಹೆಂಡತಿ ಫೋನು ಇಟ್ಟಳು.

ರೈಲು ಬಂತು, ಆ ಐದು ಟೋಪಿಗಳನ್ನು ಹತ್ತಿಸಿಕೊಂಡು ಹೋಯಿತು. ಮಾವ ಮಾಸ್ತರಿಗೆ ಮತ್ತೆ ಫೋನು ಮಾಡಿ, ಸರಕು ದೋಣಿಯೊಂದನ್ನು ಹಿಡಿದಿದ್ದೇವೆ, ನಮ್ಮವರನ್ನು ಬೆಂಚಿಗೆ ಕೂರಿಸಿ, ಕದಲದ ಹಾಗೆ ನೋಡಿಕೊಳ್ಳಿ ಎಂದರು. ಕನ್ನಡಕದವನು ಕದಲಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಹಳದಿ ಏನಾದರೂ ಸುಳಿದರೆ ತಲೆ ತಗ್ಗಿಸಿ ಬೂಟಿಲ್ಲದ ಕಾಲನ್ನೇ ನೋಡುತ್ತಿದ್ದ. ಒಂದು ದಿನಕ್ಕೆ ಆದದ್ದು ಸಾಕಾಗಿತ್ತು.

ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಯಾರೋ ಏದುಸಿರು ಬಿಡುತ್ತ ಬಂದು ಬೆಂಚಿನ ಮೇಲೆ ಅವನ ಮಗ್ಗುಲಲ್ಲೇ ಕೂತರು. ಓರೆಗಣ್ಣಿಗೆ ಹಳದಿ ಟೋಪಿ ಕಂಡಿತು. ಹೆಂಗಸು. ಇನ್ನಷ್ಟು ಒತ್ತಿ ಕೂತಳು. ಕನ್ನಡಕದವನು ಬೆಂಕಿ ತಾಗಿದವನಂತೆ ಬೆಂಚಿನ ತುದಿಗೆ ಸರಿದು, ಮುಖ ಆಚೆ ತಿರುಗಿಸಿ ಕೈ ಮುಗಿದ.

"ತಪ್ಪು ತಿಳೀಬೇಡಿ ತಾಯಿ, ಸ್ವಲ್ಪ ಆ ಕಡೆ ಕೂತ್ಕೊಳ್ಳಿ. ನನ್ನ ಹೆಂಡತಿ ಬರೋ ಹೊತ್ತಾಯ್ತು. ಅವಳಿಗೆ ಮೊದಲೇ ಅನುಮಾನ ಜಾಸ್ತಿ, ಬಾಯಿ ಅದಕ್ಕಿಂತ ಜಾಸ್ತಿ."

ಹೆಂಗಸು ಟೋಪಿ ತೆಗೆದಳು. ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದು ಗೇಣಿನಷ್ಟು ಹತ್ತಿರ ಮುಖ ತಂದಳು.

ಈ ಸಲ ಮೂಗು ಸರಿಯಾಗಿಯೇ ಇತ್ತು.